ಡಾಲರು ಮತ್ತು ಶನಿವಾರದ ಭಜನೆ

ಕಳೆದ ಭಾನುವಾರ ಗ್ಯಾಸಿನ ಪುಸ್ತಕ ಹುಡುಕುತ್ತ ಕಪಾಟಿನ ಕೆಳಗಿನ ಡ್ರಾವರನ್ನು ಪೂರ್ತಿ ನೆಲಕ್ಕೆ ಸುರಿದೆ. ಗ್ಯಾಸಿನ ಪುಸ್ತಕ ಸಿಗಲಿಲ್ಲ. ಅದು ಹುಡುಕದೇ ಇದ್ದಾಗ ಮಾತ್ರ ಸಿಗುವ ವಸ್ತು. ಸಿಕ್ಕಿದ್ದು ಹಳೆಯ ಲೋಕಲ್ ರೈಲಿನ ಪಾಸುಗಳು, ಕಾಲು ಮುರಿದ ಕನ್ನಡಕ, ಯಾವ ಬೀಗದ್ದೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ನಾಲ್ಕು ಕೀಲಿಕೈ, ಮತ್ತು ಒಂದು ಬಿಳಿ ಕಾಗದ. ಮೂರು ಕಡೆ ಅಂಚು ಹರಿದು ತೆರೆಯುವ ಬಗೆಯ ಕಾಗದ ಅದು. ಹೊರಗೆ ನನ್ನ ಹೆಸರು, ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದ ನಮ್ಮ ಬಿಲ್ಡಿಂಗಿನ ವಿಳಾಸ, ಒಂದು ದೊಡ್ಡ ಕುಂಕುಮದ ಬೊಟ್ಟು. ಒಳಗೆ ಆರು ಅಂಕಿ.

ನೆಲದ ಮೇಲೆ ಕುಳಿತು ಒಬ್ಬನೇ ನಗುತ್ತಿದ್ದೆ. ಹೆಂಡತಿ ಶಶಿಕಲಾ ಅಡುಗೆಮನೆಯಿಂದ ಇಣುಕಿದಳು. "ಎಂತ, ಗ್ಯಾಸ್ ಪುಸ್ತಕದಲ್ಲಿ ಅಷ್ಟು ನಗುವಂಥದ್ದು ಎಂತ ಉಂಟು?"

ಕಾಗದ ಎತ್ತಿ ತೋರಿಸಿದೆ.

"ಓ, ನಿಮ್ಮ ಡಾಲರಾ?" ಎಂದು ಒಳಗೆ ಹೋದಳು. ಆ ಎರಡು ಶಬ್ದಗಳಲ್ಲಿ ನನ್ನ ಒಂದು ವರ್ಷದ ಇತಿಹಾಸ ಮುಗಿಯಿತು. ಅವಳಿಗೆ ಎರಡು ಶಬ್ದ ಸಾಕು, ನನಗೆ ನಾಲ್ಕು ಪುಟ ಬೇಕು. ಬರೆಯುವವನಿಗೂ ಬದುಕುವವರಿಗೂ ಇರುವ ವ್ಯತ್ಯಾಸ ಅಷ್ಟೇ ಇರಬೇಕು.

ದೂರದಿಂದ ದುಡ್ಡು ಬರುವುದೆಂದರೆ ನನಗೆ ಮೊದಲು ನೆನಪಾಗುವುದು ಮನಿಯಾರ್ಡರು. ನಾನು ಸಣ್ಣವನಿದ್ದಾಗ ಅಪ್ಪ ಮುಂಬಯಿಯ ಒಂದು ಹೊಟೇಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು, ನಾವು ಮುಲ್ಕಿಯ ಹತ್ತಿರ ಅಜ್ಜಿಮನೆಯಲ್ಲಿ. ತಿಂಗಳಿಗೊಮ್ಮೆ ಪೋಸ್ಟಿನವರು ಗದ್ದೆಯ ಬದುವಿನ ಮೇಲೆ ಕಾಣಿಸಿಕೊಂಡರೆ ಅಮ್ಮ ಒಲೆಯ ಮೇಲಿದ್ದುದನ್ನು ಇಳಿಸಿ ಕೈ ಒರೆಸಿಕೊಂಡು ಹೊರಗೆ ಬರುತ್ತಿದ್ದಳು. ಅವರಿಗೆ ನೀರು, ಬೆಲ್ಲದ ತುಂಡು. ಫಾರಮ್ಮಿನ ಕೆಳಗಿನ ತುಣುಕಿನಲ್ಲಿ ಅಪ್ಪ ಬರೆದ ಎರಡು ಸಾಲನ್ನು ಅವರೇ ದೊಡ್ಡದಾಗಿ ಓದಿ ಹೇಳುತ್ತಿದ್ದರು. ಅಮ್ಮನಿಗೆ ಓದಲು ಬರುತ್ತಿತ್ತು. ಆದರೂ ಓದುವುದು ಪೋಸ್ಟಿನವರ ಹಕ್ಕು ಎಂದು ಊರಿನಲ್ಲಿ ಯಾರೋ ತೀರ್ಮಾನಿಸಿಬಿಟ್ಟಿದ್ದರು. ಹೀಗಾಗಿ ದುಡ್ಡೆಂದರೆ ಯಾರಾದರೂ ನಡೆದುಕೊಂಡು ತಂದುಕೊಡುವಂಥದ್ದು, ಸಹಿ ಹಾಕಿ ತೆಗೆದುಕೊಳ್ಳುವಂಥದ್ದು ಎಂಬುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಇಂಥವನು ವೆಬ್‌ಸೈಟು ಮಾಡಿ ಡಾಲರು ಸಂಪಾದಿಸಲು ಹೊರಟ ಎಂದರೆ ನೀವು ನಗಬಹುದು. ನಾನು ಅಡ್ಡಿ ಮಾಡುವುದಿಲ್ಲ.

ವೆಬ್‌ಸೈಟು ಹುಟ್ಟಿದ್ದು ಒಂದು ಮೊಣಕಾಲು ನೋವಿನಿಂದ. ನಾನು ಮಹಾಪೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ಕ್ಲರ್ಕು. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಕೋಪರಖೈರಣೆ, ಅಲ್ಲಿಂದ ಶೇರ್ ರಿಕ್ಷಾ. ಇಪ್ಪತ್ತೆಂಟು ವರ್ಷ ಹೀಗೆ ಓಡಾಡಿ ನಾನು ಗಳಿಸಿದ ಜ್ಞಾನ ಒಂದೇ. ಯಾವ ಸ್ಟೇಷನ್ನಿಗೆ ಗಾಡಿಯ ಯಾವ ಡಬ್ಬಿಯಲ್ಲಿದ್ದರೆ ಇಳಿದ ಕೂಡಲೇ ಸೇತುವೆಯ ಮೆಟ್ಟಿಲು ಎದುರಿಗೆ ಸಿಗುತ್ತದೆ, ಬಾಗಿಲು ಎಡಗಡೆ ಬರುತ್ತದೋ ಬಲಗಡೆಯೋ, ಎಲ್ಲಿ ಮುಂದಿನ ಸ್ಟೇಷನ್ನಿಗೆ ಈಗಲೇ ಬಾಗಿಲ ಕಡೆ ಸರಿಯದಿದ್ದರೆ ಕಲ್ಯಾಣದವರೆಗೆ ಹೋಗಿ ತಿರುಗಿ ಬರಬೇಕಾಗುತ್ತದೆ, ಇಂಥವು. ಆಫೀಸಿನಲ್ಲಿ ಇದಕ್ಕೆ ಬಡ್ತಿ ಕೊಡುವುದಿಲ್ಲ.

ನಮ್ಮದೊಂದು ಭಜನಾ ಮಂಡಳಿ ಇದೆ. ಡೊಂಬಿವಲಿಯ ಕಾರ್ಖಾನೆಗಳ ಪ್ರದೇಶ ಎಂಐಡಿಸಿ ಹತ್ತಿರ ಒಂದು ಹಿಟ್ಟಿನ ಗಿರಣಿಯ ಮೇಲಿನ ಹಾಲಿನಲ್ಲಿ ಪ್ರತಿ ಶನಿವಾರ ಸಂಜೆ ಸೇರುತ್ತೇವೆ. ಮೂವತ್ತು ಜನ, ಹೆಚ್ಚಿನವರು ನಮ್ಮ ಕರಾವಳಿಯವರು. ಕೋಪರಖೈರಣೆಯಲ್ಲಿ ಮಗಳ ಮನೆಯಲ್ಲಿರುವ ಗಿರಿಜಕ್ಕ ಎಪ್ಪತ್ತರ ಮೇಲಿನವರು, ಮೊಣಕಾಲು ನೋವಿದ್ದರೂ ಒಂದು ಶನಿವಾರವೂ ತಪ್ಪಿಸುವುದಿಲ್ಲ. ಅವರು ಒಮ್ಮೆ ನನ್ನನ್ನು ಕೇಳಿದರು: "ಸದಾ, ನೀನು ದಿನಾ ಹೋಗುವವನಲ್ಲವಾ. ಠಾಣೆಯಲ್ಲಿ ನಾನು ಜಾಸ್ತಿ ನಡೆಯದ ಹಾಗೆ ಯಾವ ಡಬ್ಬಿಗೆ ಹತ್ತುವುದು, ಬರೆದು ಕೊಡ್ತೀಯಾ?" ಬರೆದುಕೊಟ್ಟೆ. ಅದನ್ನು ನೋಡಿ ಇನ್ನೊಬ್ಬರು ಕೇಳಿದರು. ಊರಿನಿಂದ ಹೊಸದಾಗಿ ಬಂದವರು ಕೇಳಿದರು. ಹತ್ತು ಚೀಟಿ ಬರೆದ ಮೇಲೆ ಮಗಳು ಪ್ರಜ್ಞಾ, "ಪಪ್ಪಾ, ವೆಬ್‌ಸೈಟ್ ಬನಾ ದೇತೀ ಹೂಂ" ಎಂದಳು. ಅವಳಿಗೆ ನಾನು ತುಳುವಿನಲ್ಲಿ ಹೇಳಿದರೂ ಕನ್ನಡದಲ್ಲಿ ಹೇಳಿದರೂ ಉತ್ತರ ಬರುವುದು ಹಿಂದಿಯಲ್ಲಿಯೇ. ಎರಡು ಭಾನುವಾರದಲ್ಲಿ ಮಾಡಿಯೂ ಕೊಟ್ಟಳು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಡಬ್ಬಿಗಳ ಚಿತ್ರದ ಸಮೇತ.

ಇಷ್ಟಕ್ಕೇ ನಿಂತಿದ್ದರೆ ನಾನೊಬ್ಬ ಪರೋಪಕಾರಿಯಾಗಿ ಉಳಿಯುತ್ತಿದ್ದೆ. ಆದರೆ ಆಫೀಸಿನ ಕ್ಯಾಂಟೀನಿನಲ್ಲಿ ಯಾರೋ, ವೆಬ್‌ಸೈಟಿನಲ್ಲಿ ಜಾಹೀರಾತು ಹಾಕಿಸಿದರೆ ಹೊರದೇಶದ ಕಂಪನಿ ಡಾಲರಿನಲ್ಲಿ ದುಡ್ಡು ಕೊಡುತ್ತದೆ ಎಂದರು. ಅಂದು ಸಂಜೆ ಗಾಡಿಯಲ್ಲಿ ನನಗೆ ಕೂರಲು ಜಾಗ ಸಿಕ್ಕಿದರೂ ನಿಂತೇ ಬಂದೆ, ಅಷ್ಟು ಉದ್ವೇಗ. ಪ್ರಜ್ಞಾ ಜಾಹೀರಾತು ಜೋಡಿಸಿಕೊಟ್ಟು ಒಂದೇ ಎಚ್ಚರಿಕೆ ಹೇಳಿದಳು: ನಿಮ್ಮ ಜಾಹೀರಾತನ್ನು ನೀವು ಒತ್ತಬಾರದು, ಯಾರಿಗೂ ಒತ್ತಿ ಎಂದು ಹೇಳಲೂ ಬಾರದು, ಗೊತ್ತಾದರೆ ಖಾತೆ ಮುಚ್ಚುತ್ತಾರೆ. ಮೊದಲರ್ಧವನ್ನು ನಾನು ವ್ರತದಂತೆ ಪಾಲಿಸಿದೆ. ಜಾಹೀರಾತು ಕಂಡರೆ ಬೆರಳನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಎರಡನೆಯ ಅರ್ಧ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಮೊದಲ ದಿನದ ಸಂಪಾದನೆ ಒಂದು ಸೆಂಟು. ಒಂದು ಡಾಲರಿನ ನೂರನೇ ಒಂದು ಭಾಗ. ಅದನ್ನು ಶಶಿಕಲಾಳಿಗೆ ತೋರಿಸಿದಾಗ ಅವಳು, "ಇದರಲ್ಲಿ ಕೊತ್ತಂಬರಿ ಸೊಪ್ಪು ಬರ್ತದಾ?" ಎಂದಳು. ನಾನು ಆ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮರುದಿನದಿಂದ ಪೇಪರಿನಲ್ಲಿ ಡಾಲರಿನ ಬೆಲೆ ನೋಡುವುದು ಶುರುವಾಯಿತು. ಅಲ್ಲಿಯವರೆಗೆ ನಾನು ಆ ಪುಟವನ್ನು ಬಟಾಟೆ ಕಟ್ಟಿಡಲು ಮಾತ್ರ ಬಳಸುತ್ತಿದ್ದವನು. ರೂಪಾಯಿ ಕುಸಿದಿದೆ ಎಂದು ಓದಿದರೆ ಗಾಡಿಯಲ್ಲಿ ಪಕ್ಕದವರು ದೇಶದ ಗತಿ ಏನಾಗುತ್ತದೋ ಎಂದು ತಲೆ ಅಲ್ಲಾಡಿಸುತ್ತಿದ್ದರು. ನಾನೂ ಅಲ್ಲಾಡಿಸುತ್ತಿದ್ದೆ, ಒಳಗೊಳಗೇ ಖುಷಿ. ದೇಶ ಮುಳುಗಿದರೆ ನನಗೆ ನಾಲ್ಕು ಪೈಸೆ ಲಾಭ ಎಂದು ಲೆಕ್ಕ ಹಾಕಿದ ದೇಶಭಕ್ತ ನಾನು.

ಹತ್ತು ಡಾಲರ್ ಆದಾಗ ಕಂಪನಿಯವರು ನೀವು ನಿಜವಾಗಿ ಆ ವಿಳಾಸದಲ್ಲಿ ಇದ್ದೀರೋ ಎಂದು ನೋಡಲು ಅಂಚೆಯಲ್ಲಿ ಒಂದು ಗುಟ್ಟಿನ ಸಂಖ್ಯೆ ಕಳಿಸುತ್ತಾರೆ. ಅದೇ ಈ ಕಾಗದ. ಇದಕ್ಕಾಗಿ ನಾನು ಐದು ವಾರ ಕಾದೆ. ಕೊನೆಗೆ ಪೋಸ್ಟ್‌ಮನ್ ಗೇಟಿನಲ್ಲೇ, "ಕಾಕಾ, ತುಮ್ಚಂ ಫಾರಿನ್‌ಚಂ ಪತ್ರ!" ಎಂದು ಕೂಗಿದ. ಇಡೀ ಸೊಸೈಟಿಗೆ ಕೇಳಿಸಲಿ ಎಂದು ನಾನು, "ಕಾಯ್? ಕುಠೂನ್?", ಏನು, ಎಲ್ಲಿಂದ, ಎಂದು ಎರಡು ಸಲ ಕೇಳಿದೆ. ಬಿಚ್ಚುವ ಮೊದಲು ದೇವರ ಮುಂದಿಡಬೇಕೆಂದು ಶಶಿಕಲಾ ತೆಗೆದುಕೊಂಡು ಹೋಗಿ ಕುಂಕುಮ ಹಚ್ಚಿದಳು. ದೀಪದ ಎಣ್ಣೆ ಅವಳ ಬೆರಳಿಗೆ ತಾಗಿತ್ತು, ಬೆರಳು ಕಾಗದಕ್ಕೆ ತಾಗಿತು, ಒಳಗಿನ ನಾಲ್ಕನೇ ಅಂಕಿ ಮೂರೋ ಎಂಟೋ ತಿಳಿಯದಂತಾಯಿತು. ಸಂಖ್ಯೆಯನ್ನು ಕಂಪನಿಯ ಸೈಟಿನಲ್ಲಿ ತುಂಬಿಸಲು ಮೂರು ಸಲ ಮಾತ್ರ ಅವಕಾಶ. ಎರಡನೆಯ ಸಲಕ್ಕೆ ಸರಿಯಾಯಿತು, ನನ್ನ ರಕ್ತದೊತ್ತಡ ಮಾತ್ರ ರಾತ್ರಿಯವರೆಗೆ ಇಳಿಯಲಿಲ್ಲ.

ಆಮೇಲೆ ಬ್ಯಾಂಕು. ನನ್ನ ಖಾತೆ ಇದ್ದದ್ದು ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿ. ಮ್ಯಾನೇಜರು ನಮ್ಮ ಊರ ಕಡೆಯವರೇ. "ಡಾಲರಾ? ನಮ್ಮಲ್ಲಿ ಹೊರದೇಶದ್ದು ನೇರ ಬರುವುದಿಲ್ಲ ಮಾರಾಯ್ರೆ. ನಿಮಗೆ ಬೇಕಿದ್ರೆ ರೆಕರಿಂಗ್ ಡಿಪಾಸಿಟ್ ಮಾಡಿಕೊಡುವ" ಎಂದರು. ಕೊನೆಗೆ ದೊಡ್ಡ ಬ್ಯಾಂಕೊಂದರಲ್ಲಿ ಹೊಸ ಖಾತೆ ತೆರೆದೆ. ಅಲ್ಲಿ ಯಾವಾಗಲೂ ಹತ್ತು ಸಾವಿರ ಇಟ್ಟಿರಬೇಕು. ನೂರು ಡಾಲರ್ ತುಂಬಿದಾಗ ಬರಲಿರುವ ಎಂಟು ಸಾವಿರವನ್ನು ಸ್ವಾಗತಿಸಲು ಕೈಯಿಂದ ಹತ್ತು ಸಾವಿರ ಕಟ್ಟಿ ಬಂದೆ. ಕೌಂಟರಿನ ಮೇಡಂ ಫಾರಮ್ಮು ನೋಡಿ, "ಬಿಸಿನೆಸ್ ಕಾಯ್ ಆಹೇ?" ಎಂದು ಕೇಳಿದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, "ಇಂಟರ್ನೆಟ್" ಎಂದೆ. ಏನು ಮಾರುತ್ತೀರಿ ಎಂದು ಅವರು ಕೇಳಲಿಲ್ಲವೆಂಬುದು ನನ್ನ ಅದೃಷ್ಟ.

ಈಗ ನನ್ನ ಮೂರ್ಖತನದ ಮುಖ್ಯ ಭಾಗಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಹೇಳಿದ್ದು ಅದನ್ನು ಆದಷ್ಟು ತಡ ಮಾಡಲಿಕ್ಕೆ.

ಕಂಪನಿ ದುಡ್ಡು ಕಳಿಸುವುದು ನೂರು ಡಾಲರ್ ತುಂಬಿದ ಮೇಲೆ. ಒಂಬತ್ತು ತಿಂಗಳಲ್ಲಿ ನನಗೆ ಆದದ್ದು ಇಪ್ಪತ್ತಮೂರು. ಒಂದು ಶನಿವಾರ ಭಜನೆ ಮುಗಿದ ಮೇಲೆ ಮಂಡಳಿಯ ಹಾರ್ಮೋನಿಯಮ್ಮಿನ ಮಾತು ಬಂತು. ಅದರ ಗಾಳಿಚೀಲ ಹರಿದಿತ್ತು, ಸ್ವರದ ಮೂರು ಪಟ್ಟಿ ಏನು ಒತ್ತಿದರೂ ದನಿ ಬಿಡುತ್ತಿರಲಿಲ್ಲ, ಹೊಸದು ತರೋಣ ಎಂದರೆ ಯಾರ ಕೈಯಲ್ಲೂ ಆಗ ಆಗುವಂತಿರಲಿಲ್ಲ. ಅಷ್ಟರಲ್ಲಿ ನನ್ನ ಬಾಯಿ ತನ್ನಷ್ಟಕ್ಕೆ ತೆರೆಯಿತು. "ನನ್ನ ಮೊದಲ ನೂರು ಡಾಲರ್ ದೇವರಿಗೆ. ಹಾರ್ಮೋನಿಯಂ ಅದರಲ್ಲೇ ಆಗಲಿ" ಎಂದೆ. ಎಂಟು ಸಾವಿರ ಎಂದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಡಾಲರು ಎಂದದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮ ಮಂಡಳಿಯ ಅಧ್ಯಕ್ಷ ಜಯಣ್ಣ, ಎಂಐಡಿಸಿಯಲ್ಲಿ ಕ್ಯಾಂಟೀನು ನಡೆಸುವವರು, ವ್ಯವಹಾರಸ್ಥರು. ಅವರು ಕೂಡಲೇ ಕೇಳಿದರು: "ಅದು ಬರುವುದು ಹೇಗೆ ಸದಣ್ಣ?"

"ಜನ ಓದಲಿಕ್ಕೆ ಬರ್ತಾರೆ. ಅಲ್ಲಿ ಜಾಹೀರಾತು ಇರ್ತದೆ. ಯಾರಾದರೂ ಅದನ್ನು ಒತ್ತಿದರೆ ನನಗೆ ಸ್ವಲ್ಪ ಬರ್ತದೆ."

"ಒತ್ತಿದರೆ ಸಾಕಾ? ತೆಗೆದುಕೊಳ್ಳಬೇಕಂತ ಇಲ್ಲವಾ?"

"ಇಲ್ಲ."

"ಮತ್ತೆ ಇಷ್ಟು ದಿನ ಎಂತಕ್ಕೆ ಹೇಳಲಿಲ್ಲ ಮಾರಾಯಾ?" ಎಂದು ಜಯಣ್ಣ ನನಗೆ ನಿಜವಾಗಿ ಬೈದರು.

ನಮ್ಮವರ ಸ್ವಭಾವ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ನಮ್ಮವರೊಬ್ಬರು ಠಾಣೆಯಲ್ಲಿ ಹೊಟೇಲು ತೆರೆದರೆ ಮೊದಲ ದಿನ ನಾವೆಲ್ಲ ಹೋಗಿ ಹಸಿವಿದ್ದರೂ ಇಲ್ಲದಿದ್ದರೂ ಮಸಾಲೆದೋಸೆ ತಿಂದು ಪೂರ್ತಿ ಬಿಲ್ಲು ಕೊಟ್ಟು ಬರುತ್ತೇವೆ. ಊರಿನ ಯಕ್ಷಗಾನ ಮೇಳ ಬಂದರೆ ನೋಡಲು ಪುರುಸೊತ್ತಿಲ್ಲದವರೂ ನಾಲ್ಕು ಟಿಕೆಟು ತೆಗೆಯುತ್ತಾರೆ. ನಮ್ಮವನಿಗೆ ಒಳ್ಳೆಯದಾಗುವುದಾದರೆ ತೆಗೆದುಕೊಳ್ಳುವ ವಸ್ತು ಯಾವುದೆಂದು ಯಾರೂ ಕೇಳುವುದಿಲ್ಲ. ಅದೇ ಕ್ರಮದಲ್ಲಿ ಮುಂದಿನ ಶನಿವಾರದಿಂದ ಮಂಗಳಾರತಿ ಆಗಿ ಪ್ರಸಾದ ಹಂಚುವ ಮೊದಲು ಜಯಣ್ಣ, "ಹಾಂ, ಎಲ್ಲರೂ ಒಮ್ಮೆ ಸದಣ್ಣಂದು ಒತ್ತಿಬಿಡಿ" ಎನ್ನುತ್ತಿದ್ದರು. ಮೂವತ್ತು ಮೊಬೈಲು ಹೊರಬರುತ್ತಿದ್ದವು. ಹಾಲಿನ ವೈಫೈ ಒಂದೇ, ಪಾಪ, ಅದು ಏದುಸಿರು ಬಿಡುತ್ತಿತ್ತು. ನನ್ನ ಮಗಳ ಮಾತು ನನಗೆ ಆಗ ನೆನಪಾಯಿತು. ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ನಾನಂತೂ ಒತ್ತಿ ಎನ್ನುತ್ತಿಲ್ಲ, ಜಯಣ್ಣ ಎನ್ನುತ್ತಿದ್ದಾರೆ ಎಂದು ನನಗೆ ನಾನೇ ವಕೀಲನಾದೆ. ಎಲ್ಲರೂ ನನ್ನ ಹೆಸರು ಹೇಳಿ ಒತ್ತುವಾಗ ಹಾಲಿನ ಮೂಲೆಯಲ್ಲಿ ಕೈಕಟ್ಟಿ ನಿಂತಿರುತ್ತಿದ್ದೆ. ಸುಖವಾಗಿತ್ತು.

ಗಿರಿಜಕ್ಕ ಶನಿವಾರಕ್ಕೆ ಮಾತ್ರ ನಿಲ್ಲಿಸಲಿಲ್ಲ. ದಿನಾ ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಮೊಮ್ಮಗಳ ಕೈಯಲ್ಲಿ ಸೈಟು ತೆರೆಸಿ ಒಂದು ಜಾಹೀರಾತು ಒತ್ತುತ್ತಿದ್ದರು. ಒಂದು ದಿನ ಒತ್ತಿದ್ದು ಗೃಹಸಾಲದ್ದು, ಅದರಲ್ಲಿ ಹೆಸರು, ನಂಬರು ಎಲ್ಲ ತುಂಬಿಸಿಬಿಟ್ಟರಂತೆ. "ಒಬ್ಬ ದಿನಾ ಫೋನ್ ಮಾಡ್ತಾನೆ ಸದಾ, ತುಂಬಾ ಮರ್ಯಾದೆಯವ. ಇವತ್ತು ಅವನ ತಾಯಿಗೆ ಹುಷಾರಿಲ್ಲವಂತೆ, ಕಷಾಯ ಹೇಳಿಕೊಟ್ಟೆ" ಎಂದರು.

ಹತ್ತು ವಾರದಲ್ಲಿ ಇಪ್ಪತ್ತಮೂರು ಡಾಲರು ತೊಂಬತ್ತೇಳಾಯಿತು. ಜಯಣ್ಣ ಕಲ್ಯಾಣದ ಅಂಗಡಿಯೊಂದರಲ್ಲಿ ಹಾರ್ಮೋನಿಯಂ ನೋಡಿ, ಮುಂದಿನ ವಾರ ಒಯ್ಯುತ್ತೇವೆ ಎಂದು ಹೇಳಿ ಬಂದರು.

ಮಂಗಳವಾರ ಬೆಳಿಗ್ಗೆ ಗಾಡಿ ಮುಂಬ್ರಾ ದಾಟುವಾಗ ಮೇಲ್ ಬಂತು. ನಿಮ್ಮ ಜಾಹೀರಾತುಗಳ ಮೇಲೆ ನಿಜವಲ್ಲದ ಒತ್ತುವಿಕೆ ಕಂಡುಬಂದಿದೆ, ಖಾತೆ ಮುಚ್ಚಲಾಗಿದೆ, ಇದ್ದ ಹಣವನ್ನು ಜಾಹೀರಾತು ಕೊಟ್ಟವರಿಗೆ ಹಿಂದಿರುಗಿಸಲಾಗುವುದು. ಎರಡು ಸಲ ಓದಿದೆ. ಠಾಣೆಯಲ್ಲಿ ಇಳಿಯಬೇಕಾದವನು ಇಳಿಯಲಿಲ್ಲ, ಗಾಡಿ ಮುಲುಂಡಿಗೆ ಹೋಗಿಬಿಟ್ಟಿತು. ಯಾವ ಡಬ್ಬಿಯಿಂದ ಹೇಗೆ ಇಳಿಯಬೇಕೆಂದು ಊರಿಗೆಲ್ಲ ಹೇಳಿಕೊಡುವವನ ಅವಸ್ಥೆ ಇದು.

ಸಂಜೆ ಪ್ರಜ್ಞಾ ಎಲ್ಲ ನೋಡಿ ಹಣೆ ಹಿಡಿದುಕೊಂಡಳು. ಪ್ರತಿ ಶನಿವಾರ ಏಳು ಗಂಟೆಗೆ ಒಂದೇ ಜಾಗದಿಂದ ಮೂವತ್ತು ಜನ, ಐದು ನಿಮಿಷದೊಳಗೆ. "ಪಪ್ಪಾ, ಚೋರಿ ಜೈಸಾ ಹೀ ದಿಖೇಗಾ ನಾ" ಎಂದಳು. ಕಳ್ಳತನದ ಹಾಗೆಯೇ ಕಾಣುತ್ತದೆ. ನನಗೆ ಅದುವರೆಗೆ ದುಡ್ಡು ಹೋದ ಸಂಕಟವಿತ್ತು. ಆ ಮಾತು ಕೇಳಿದ ಮೇಲೆ ಬೇರೆ ಸಂಕಟ ಶುರುವಾಯಿತು. ಜಯಣ್ಣ, ಗಿರಿಜಕ್ಕ, ನನಗಾಗಿ ಕನ್ನಡಕ ಹಾಕಿಕೊಂಡು ಹುಡುಕಿ ಹುಡುಕಿ ಒತ್ತಿದ ಮೂವತ್ತು ಜನ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಕಳ್ಳರೆಂದು ದಾಖಲಾಗಿದ್ದರು. ಅವರನ್ನು ಹಾಗೆ ಮಾಡಿದವನು ನಾನು.

ಮೇಲ್ಮನವಿಗೆ ಒಂದು ಅವಕಾಶವಿತ್ತು. ಯಾರೋ ಆಗದವರು ಬೇಕೆಂದೇ ಒತ್ತಿದ್ದಾರೆ ಎಂದು ಬರೆಯಿರಿ, ಎಲ್ಲರೂ ಹಾಗೇ ಬರೆಯುತ್ತಾರೆ ಎಂದಳು ಪ್ರಜ್ಞಾ. ಮರುದಿನ ಊಟದ ಹೊತ್ತಿಗೆ ಸ್ಟೋರಿನಲ್ಲಿ ಬೋಲ್ಟಿನ ಡಬ್ಬಗಳ ನಡುವೆ ಕುಳಿತು ಹಾಗೇ ಬರೆಯಲು ಶುರುಮಾಡಿದೆ. 'ಆಗದವರು' ಎಂದು ಬರೆಯುವಾಗ ಕೈ ಮುಂದೆ ಹೋಗಲಿಲ್ಲ. ಅಳಿಸಿದೆ. ನನಗೆ ಬರುವ ಇಂಗ್ಲಿಷಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ: ಒತ್ತಿದವರು ನನ್ನವರು, ಒಳ್ಳೆಯವರು, ಹಾರ್ಮೋನಿಯಮ್ಮಿಗಾಗಿ ಒತ್ತಿದರು, ತಪ್ಪು ನನ್ನದು, ಅವರದ್ದಲ್ಲ. ಎರಡು ದಿನದಲ್ಲಿ ಬಹಳ ಮರ್ಯಾದೆಯ ಉತ್ತರ ಬಂತು. ತೀರ್ಮಾನದಲ್ಲಿ ಬದಲಾವಣೆಯಿಲ್ಲ. ಗೃಹಸಾಲದವನಷ್ಟು ಕೂಡ ಇವರು ಮಾತಾಡಲಿಲ್ಲ.

ಶನಿವಾರ ನಾನೂ ಪ್ರಜ್ಞಾಳೂ ಮಂಡಳಿಗೆ ಹೋದೆವು. ನಿಜ ಹೇಳಿಬಿಡುವುದೆಂದು ನಾಲ್ಕು ವಾಕ್ಯ ಬಾಯಿಪಾಠ ಮಾಡಿದ್ದೆ. ಚಪ್ಪಲಿ ಕಳಚುವಷ್ಟರಲ್ಲಿ ಗಿರಿಜಕ್ಕ ಕುಂಟುತ್ತ ಎದುರು ಬಂದರು. ಮುಖ ಬಾಡಿತ್ತು.

"ಸದಾ, ನಿನ್ನ ಅದರಲ್ಲಿ ಜಾಹೀರಾತು ಕಾಣುವುದೇ ಇಲ್ಲ ಮಾರಾಯಾ. ನಾಲ್ಕು ದಿನದಿಂದ ಹುಡುಕ್ತಾ ಇದ್ದೇನೆ. ನನಗೆ ಸರಿ ಕಣ್ಣು ಕಾಣುವುದಿಲ್ಲ, ಎಂತದೋ ಒತ್ತಲಿಕ್ಕೆ ಹೋಗಿ ಎಂತದೋ ಒತ್ತಿ ಹಾಳು ಮಾಡಿದೆನಾ?"

ಬಾಯಿಪಾಠ ಮಾಡಿದ ನಾಲ್ಕೂ ವಾಕ್ಯಗಳು ಎಲ್ಲಿ ಹೋದವೋ ತಿಳಿಯದು. ಹೌದು ಅಕ್ಕ ಎನ್ನಲು ನನ್ನಿಂದ ಆಗಲಿಲ್ಲ.

"ಇಲ್ಲ ಅಕ್ಕ, ನಿಮ್ಮಿಂದ ಎಂತದೂ ಆಗಲಿಲ್ಲ. ಆ ಕಂಪನಿಯೇ ಮುಳುಗಿತು" ಎಂದುಬಿಟ್ಟೆ. ಇಡೀ ಲೋಕದ ದುಡ್ಡೆಲ್ಲ ಒಳಗಿಟ್ಟುಕೊಂಡಿರುವ ಕಂಪನಿಯನ್ನು ಗಿರಣಿಯ ಮೆಟ್ಟಿಲ ಮೇಲೆ ನಿಂತು ಒಂದು ವಾಕ್ಯದಲ್ಲಿ ಮುಳುಗಿಸಿದೆ. ಪ್ರಜ್ಞಾ ನನ್ನ ಅಂಗಿಯ ತೋಳು ಜಗ್ಗಿದಳು. ನಾನು ಅವಳ ಕಡೆ ನೋಡಲಿಲ್ಲ.

ಹಾರ್ಮೋನಿಯಂ ಹೋಯಿತಲ್ಲ ಎಂದು ಯಾರಾದರೂ ಹೇಳುತ್ತಾರೆಂದು ಕಾದೆ. ಗಿರಿಜಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಮುಚ್ಚಿತಾ? ಅಲ್ಲಿ ಕೆಲಸಕ್ಕೆ ಇದ್ದವರು ಎಂತ ಮಾಡ್ತಾರೆ ಈಗ?" ಎಂದರು. ಅವರ ಯಜಮಾನರು ಇದ್ದ ಠಾಣೆಯ ಕಾರ್ಖಾನೆ ಒಂದು ಸೋಮವಾರ ಬೆಳಿಗ್ಗೆ ಗೇಟಿಗೆ ಬೀಗ ಹಾಕಿತ್ತು. ಊಟದ ಡಬ್ಬಿ ಹಿಡಿದುಕೊಂಡು ಹೋದವರು ಡಬ್ಬಿ ಹಿಡಿದುಕೊಂಡೇ ವಾಪಸು ಬಂದಿದ್ದರು. ಆಮೇಲೆ ಹತ್ತು ವರ್ಷ ಗಿರಿಜಕ್ಕ ಹಪ್ಪಳ ಮಾರಿ ಮನೆ ನಡೆಸಿದರು. ಕಂಪನಿ ಮುಚ್ಚುವುದೆಂದರೆ ಏನೆಂದು ಆ ಹಾಲಿನಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಜಯಾ, ಇವತ್ತು ಒಂದು ಭಜನೆ ಅವರ ಹೆಸರಿನಲ್ಲಿ ಹೇಳುವ" ಎಂದರು. ಜಯಣ್ಣ ಕೂಡಲೇ, "ಹೇಳುವ ಅಕ್ಕ. ಪಾಪ, ನಮ್ಮ ಸದಣ್ಣನಿಗೆ ತೊಂಬತ್ತೇಳರವರೆಗೆ ಕೊಟ್ಟಿದ್ದಾರೆ" ಎಂದರು.

ಮೂರು ಪಟ್ಟಿ ಸತ್ತ ಅದೇ ಹಾರ್ಮೋನಿಯಂ ಶುರುವಾಯಿತು. ನನ್ನ ಕೈಗೆ ತಾಳ ಬಂತು. ತಮ್ಮನ್ನು ಕಳ್ಳರೆಂದ ಕಂಪನಿ ಚೆನ್ನಾಗಿರಲಿ ಎಂದು ಮೂವತ್ತು ಜನ ಕಣ್ಣು ಮುಚ್ಚಿ ಹಾಡಿದರು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಅಳು ಬಂದದ್ದನ್ನು ನೋಡಿದ ಪಕ್ಕದವರು ಡಾಲರು ಹೋದ ದುಃಖವೆಂದು ತಿಳಿದು ಬೆನ್ನು ಸವರಿದರು.

ಇದು ಒಂದು ಶನಿವಾರಕ್ಕೆ ಮುಗಿಯುತ್ತದೆಂದುಕೊಂಡಿದ್ದೆ, ಮುಗಿಯಲಿಲ್ಲ. ಗಿರಿಜಕ್ಕ ಪ್ರತಿ ವಾರ ಕೇಳುತ್ತಾರೆ, ಪ್ರತಿ ವಾರ ಕೊನೆಯ ಭಜನೆ ಕಂಪನಿಯವರದ್ದು. ನಾನು ಪ್ರತಿ ವಾರ ನಿಜ ಹೇಳಬೇಕೆಂದು ಹೋಗುತ್ತೇನೆ. ಕಳೆದ ವಾರವೂ ಹಾಗೇ ಹೋದೆ. ಗಿರಿಜಕ್ಕ ಪಕ್ಕದಲ್ಲಿ ಕೂರಿಸಿಕೊಂಡು, "ಎಂತ ಸದಾ, ಆ ಕಂಪನಿಯದ್ದು ಎಂತಾದರೂ ಗೊತ್ತಾಯ್ತಾ?" ಎಂದರು.

ಬೆಳಿಗ್ಗೆಯಷ್ಟೇ ಪೇಪರಿನಲ್ಲಿ ಅವರ ಲಾಭದ ಸುದ್ದಿ ಓದಿದ್ದೆ. "ಈಗ ಸ್ವಲ್ಪ ಪರವಾಗಿಲ್ಲವಂತೆ ಅಕ್ಕ" ಎಂದೆ.

ಗಿರಿಜಕ್ಕನ ಮುಖ ಅರಳಿತು. ನನ್ನ ಕೈ ಹಿಡಿದು ಅದುಮಿದರು. "ನೋಡಿದೆಯಾ? ಇನ್ನು ನಿಲ್ಲಿಸುವುದು ಬೇಡ. ಅವರು ಪೂರ್ತಿ ಎದ್ದು ನಿಲ್ಲುವವರೆಗೆ ಹೇಳುವ."